ಅರ್ಜಿಯಲ್ಲಿ ಯಕ್ಷಗಾನಕ್ಕೆ ಯಾವ ಜಾಗ?

ಯಕ್ಷಗಾನ ಸಂಗೀತವೋ, ನೃತ್ಯವೋ, ನಾಟಕವೋ? ಊರಲ್ಲಿ ಆಟ ನೋಡಿ ಬೆಳೆದವರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಭಾಗವತರು ಹಾಡುತ್ತಾರೆ, ಚೆಂಡೆ ಮದ್ದಳೆ ನುಡಿಯುತ್ತವೆ, ವೇಷಧಾರಿ ಕುಣಿಯುತ್ತಾನೆ. ಪದ್ಯ ಮುಗಿದ ಕೂಡಲೇ ಅದಕ್ಕೆ ಅಲ್ಲೇ ಮಾತು ಹುಟ್ಟಿಸುತ್ತಾನೆ. ಮುಖದ ಬಣ್ಣವನ್ನೂ ಎಷ್ಟೋ ಸಲ ತಾನೇ ಬರೆದುಕೊಂಡಿರುತ್ತಾನೆ. ಆದರೆ ನಾವಿರುವ ಈ ಕೆನಡಾದಲ್ಲಿ ಸರಕಾರದ ನೆರವಿಗೆ ಅರ್ಜಿ ಹಾಕಲು ಕೂತರೆ ಪ್ರಶ್ನೆ ಎದುರಾಗುತ್ತದೆ.

ಇಲ್ಲಿ ಕಲಾವಿದರಿಗೆ ಕೇಂದ್ರ ಸರಕಾರದ ಅನುದಾನ ಹಂಚುವ ಸಂಸ್ಥೆ ಕೆನಡಾ ಕೌನ್ಸಿಲ್ ಫಾರ್ ದಿ ಆರ್ಟ್ಸ್. ಅದು ಶುರುವಾದದ್ದು 1957ರಲ್ಲಿ. ದುಡ್ಡು ಸಾರ್ವಜನಿಕರದ್ದು, ಆದರೆ ಯಾರಿಗೆ ಕೊಡಬೇಕೆಂದು ಮಂತ್ರಿಗಳು ಹೇಳುವಂತಿಲ್ಲ. ಅರ್ಜಿಗಳನ್ನು ತೂಗಿ ನೋಡುವವರು ಕಲಾವಿದರೇ. ಈ ಏರ್ಪಾಟು ನನಗೆ ತುಂಬಾ ಇಷ್ಟ. ತೊಂದರೆ ಇದ್ದದ್ದು ವಿಂಗಡಣೆಯಲ್ಲಿ. ಸಂಗೀತಕ್ಕೆ ಬೇರೆ, ನೃತ್ಯಕ್ಕೆ ಬೇರೆ, ರಂಗಭೂಮಿಗೆ ಬೇರೆ ಎಂದು 140ಕ್ಕೂ ಜಾಸ್ತಿ ಯೋಜನೆಗಳು ಬೆಳೆದಿದ್ದವು. 2017ರಲ್ಲಿ ಅವನ್ನೆಲ್ಲ ತೆಗೆದು ಆರೇ ಯೋಜನೆ ಮಾಡಿದರು. ಹೊಸ ಕೃತಿ ಕಟ್ಟಲು ಒಂದು, ದೇಶದೊಳಗೆ ತಿರುಗಾಟಕ್ಕೆ ಒಂದು, ಹೊರದೇಶಕ್ಕೆ ಒಂದು, ಹೀಗೆ. ಮೊದಲು ನೋಡುವುದು ನೀವು ಏನು ಮಾಡಲು ಹೊರಟಿದ್ದೀರಿ ಎಂಬುದನ್ನು. ಹಲವು ಕಲೆ ಕೂಡಿದ ಕೆಲಸಕ್ಕೂ ಅರ್ಜಿಯಲ್ಲಿ ಅದರದ್ದೇ ಜಾಗ ಇದೆ. 2016ರ ಬಜೆಟ್‌ನಲ್ಲಿ ಕೌನ್ಸಿಲ್‌ನ ಅನುದಾನವನ್ನು ಐದು ವರ್ಷದಲ್ಲಿ ದುಪ್ಪಟ್ಟು ಮಾಡುವ ಮಾತು ಕೊಟ್ಟಿದ್ದರು. ಗೋಡೆ ಒಡೆಯಲು ಆ ಧೈರ್ಯವೂ ಬೇಕಿತ್ತು, ಅಲ್ವಾ? ಇದ್ದ ದುಡ್ಡನ್ನೇ ಹಂಚಿದ್ದರೆ ಹಳಬರು ಹೊಸಬರು ಕಿತ್ತಾಡಬೇಕಾಗಿತ್ತು.

ಕರ್ನಾಟಕ ಬೇರೆ ದಾರಿ ಹಿಡಿದಿದೆ. ಅಲ್ಲಿ ಯಕ್ಷಗಾನಕ್ಕೇ ಒಂದು ಅಕಾಡೆಮಿ, ಬಯಲಾಟಕ್ಕೆ ಇನ್ನೊಂದು. ಮೇಳಗಳು, ಕೇಂದ್ರಗಳು ಅಷ್ಟೊಂದು ಇರುವ ಕಡೆ ಅದು ಸರಿಯೇ. ಬೆರಳೆಣಿಕೆಯ ಕಲಾವಿದರಿರುವ ಇಲ್ಲಿ ನಮಗೆ ಬೇಕಾದ್ದು ಬೇಲಿ ಇಲ್ಲದ ನಿಧಿ. ಇಲ್ಲಿನ ನಮ್ಮ ಮಕ್ಕಳು ಶಾಲೆಯಲ್ಲಿ ಸ್ಯಾಕ್ಸೊಫೋನ್ ಕಲಿಯುತ್ತಾರೆ, ಭಾನುವಾರ ಯಕ್ಷಗಾನದ ಹೆಜ್ಜೆ ಕಲಿಯುತ್ತಾರೆ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಪಿಟೀಲು, ಸ್ಯಾಕ್ಸೊಫೋನ್ ಎರಡನ್ನೂ ತಂದು ಪ್ರಯೋಗ ಮಾಡಿದ್ದರು. ಅಂಥ ಕೆಲಸ ಇಲ್ಲಿ ಸಹಜವಾಗಿ ಆಗಬೇಕು. ಸಂಜೆ ಪುಕ್ಕಟೆಯಾಗಿ ಬಂದು ಕುಣಿಯುವವರಿಂದಲೇ ಆಗಲಿ ಎಂದರೆ ಆಗುವುದಿಲ್ಲ. ಅಭ್ಯಾಸಕ್ಕೆ ತಿಂಗಳುಗಟ್ಟಲೆ ಸಮಯ ಬೇಕು, ಆ ಸಮಯಕ್ಕೆ ಸಂಬಳ ಬೇಕು.

ನಮ್ಮಲ್ಲಿ ಅನೇಕರು "ನಾವು ಪ್ರೊಫೆಷನಲ್ ಅಲ್ಲ" ಎಂದು ಹಿಂದೆ ಸರಿಯುತ್ತಾರೆ. ದಯವಿಟ್ಟು ಕೌನ್ಸಿಲ್‌ನ ನಿಯಮ ಓದಿ. ಕಲೆಯಲ್ಲಿ ತರಬೇತಿ ಬೇಕು ಎನ್ನುತ್ತದೆ, ಅದು ಕಾಲೇಜಿನಲ್ಲೇ ಆಗಿರಬೇಕೆಂದು ಹೇಳುವುದಿಲ್ಲ. ಗುರುಗಳ ಮನೆಯಲ್ಲಿ, ಮೇಳದಲ್ಲಿ ಕಲಿತದ್ದೂ ಕಲಿತದ್ದೇ. ಜೊತೆಯ ಕಲಾವಿದರು ನಿಮ್ಮನ್ನು ಕಲಾವಿದರೆಂದು ಒಪ್ಪಿರಬೇಕು, ಜನರ ಮುಂದೆ ಪ್ರದರ್ಶನ ಕೊಟ್ಟಿರಬೇಕು. ಇದೆಲ್ಲ ನಮ್ಮ ಎಷ್ಟೋ ಭಾಗವತರಿಗೆ, ವೇಷಧಾರಿಗಳಿಗೆ ಇದ್ದೇ ಇದೆ.

ಹಾಗೆಂದು ಎಲ್ಲ ಸರಿಹೋಗಿದೆ ಎನ್ನಲಾರೆ. ಅರ್ಜಿ ನೋಡುವ ಸಮಿತಿಯಲ್ಲಿ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳಿದವರು ಒಬ್ಬರೂ ಇಲ್ಲದಿದ್ದರೆ, ಪದ್ಯಕ್ಕೆ ಆಶುವಾಗಿ ಹುಟ್ಟುವ ಮಾತು, ಅಂದರೆ ಅರ್ಥಗಾರಿಕೆ, ಅವರಿಗೆ ಬರೀ ಸಂಭಾಷಣೆಯಾಗಿ ಕಾಣುತ್ತದೆ. ಇದಕ್ಕೆ ಇರುವ ಉಪಾಯ ಒಂದೇ: ನಮ್ಮ ಹಿರಿಯ ಕಲಾವಿದರು ಅಂಥ ಸಮಿತಿಗಳಿಗೆ ತಮ್ಮ ಹೆಸರು ಕೊಡಬೇಕು. ಹಾಗೆಯೇ ಒಂದು ಪ್ರದರ್ಶನಕ್ಕೆ ಅಂತ ಸಿಗುವ ದುಡ್ಡು ಪ್ರದರ್ಶನದೊಂದಿಗೇ ಮುಗಿಯುತ್ತದೆ. ಮುಂದಿನ ವರ್ಷ ತಂಡ ಉಳಿಯಲು ವರ್ಷಗಟ್ಟಲೆ ನಿಲ್ಲುವ ನೆರವು ಬೇಕು. ಚುನಾವಣೆ ಸಮಯದಲ್ಲಿ ನಮ್ಮ ಬಾಗಿಲಿಗೆ ಬರುವ ಅಭ್ಯರ್ಥಿಗಳನ್ನು ಕೇಳಬೇಕಾದ ಮಾತು ಇದು.

ಕೇಂದ್ರ ಸರಕಾರದ ಈ ನಿಧಿ ಭಯ ಹುಟ್ಟಿಸಿದರೆ ಪ್ರಾಂತ್ಯದಿಂದ, ನಗರದಿಂದ ಶುರುಮಾಡಿ. ಒಂಟಾರಿಯೊ ಆರ್ಟ್ಸ್ ಕೌನ್ಸಿಲ್ 1963ರಿಂದ ಇದೆ, ಟೊರಾಂಟೊದ್ದು 1974ರಿಂದ. ಅರ್ಜಿ ಬರೆಯುವುದಕ್ಕೆ ಕೈಜೋಡಿಸಲು ನಮ್ಮ ಸಂಘದ ಸಮಿತಿ ಸಿದ್ಧವಿದೆ. ಹಳೆಯ ಪ್ರದರ್ಶನಗಳ ಒಳ್ಳೆಯ ವಿಡಿಯೊ ನಿಮ್ಮಲ್ಲಿದ್ದರೆ ಈಗಲೇ ಹುಡುಕಿಟ್ಟುಕೊಳ್ಳಿ, ಅರ್ಜಿಯ ಜೊತೆ ಕೊಡಲು ಬೇಕಾಗುತ್ತದೆ.