ಸ್ಟೀಮ್ ಪೈಪಿಗೆ ಒತ್ತಡ ಬರೆದರೆ ಸಾಲದು, ಬಿಸಿಯನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ 31 ವರ್ಷ ದುಡಿದವನು ನಾನು. ಫಿಟ್ಟರ್ ಆಗಿ ಸೇರಿ ಫೋರ್‌ಮನ್ ಆಗಿ ನಿವೃತ್ತನಾದೆ. ಕಬ್ಬು ನುರಿಸುವ ಹಂಗಾಮು ಮುಗಿದು ರಿಪೇರಿ ಕೆಲಸ ನಡೆಯುವಾಗೆಲ್ಲ ನನಗೆ ಒಂದು ಸಂಗತಿ ನೆನಪಾಗುತ್ತದೆ. ಅದನ್ನು ಹೇಳಲೆಂದೇ ಈ ಪತ್ರ.

ಪೈಪ್ ಬದಲಿಸಲು ಕೊಟೇಶನ್ ಕೇಳುವಾಗ ಎಷ್ಟು ಇಂಚು, ಎಷ್ಟು ದಪ್ಪ, ಎಷ್ಟು ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಅಂತ ಬರೆಯುತ್ತಾರೆ. ಒಳಗೆ ಹರಿಯುವ ಆವಿ ಎಷ್ಟು ಡಿಗ್ರಿ ಅನ್ನುವುದನ್ನು ಬಹಳ ಸಲ ಬಿಟ್ಟೇಬಿಡುತ್ತಾರೆ. ನಮ್ಮಲ್ಲೂ ಹಾಗೇ ಆಯಿತು. ಟರ್ಬೈನ್ ಹತ್ತಿರದ ಆರಿಂಚಿನ ಲೈನು. ಒತ್ತಡ 67 ಬಾರ್, ಬಿಸಿ 490 ಡಿಗ್ರಿ. ಹಳೇ ಪೈಪು ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಪಿ22 ಉಕ್ಕಿನದು. ಅದರಲ್ಲಿ ಎರಡು ಮೀಟರ್ ತುಂಡು ಬದಲಿಸಬೇಕಿತ್ತು. ಗುತ್ತಿಗೆದಾರರು ಅಷ್ಟೇ ದಪ್ಪದ, ಅಂದರೆ 11 ಮಿಲಿಮೀಟರಿನ ಪೈಪು ತಂದು ವೆಲ್ಡ್ ಮಾಡಿದರು. ತಣ್ಣೀರು ತುಂಬಿ ಒಂದೂವರೆ ಪಟ್ಟು ಒತ್ತಡ ಕೊಟ್ಟು ನೋಡಿದರು. ಒಂದು ಹನಿಯೂ ಸೋರಲಿಲ್ಲ.

ಲ್ಯಾಗಿಂಗ್, ಅಂದರೆ ಬಿಸಿ ಹೊರಹೋಗದಂತೆ ಪೈಪಿಗೆ ಹೊದಿಕೆ ಸುತ್ತುವವರು ಏಣಿ ಹಾಕಿದ್ದರು. ನಾನೂ ಟಾರ್ಚ್ ಹಿಡಿದು ಹತ್ತಿದೆ. ಜಾಯಿಂಟಿನ ಪಕ್ಕ ಕೆಂಪು ಪ್ರೈಮರ್ ಬಳಿದಿದ್ದರು. ವೈರ್ ಬ್ರಷ್‌ನಿಂದ ತಿಕ್ಕಿದಾಗ ಅದರಡಿ ಬಿಳಿ ಅಕ್ಷರ ಕಂಡವು: ಎ106 ಗ್ರೇಡ್ ಬಿ. ಸಾದಾ ಕಾರ್ಬನ್ ಸ್ಟೀಲು! ಬಣ್ಣ ಬಳಿದ ಮೇಲೆ ಎರಡೂ ಪೈಪು ನೋಡಲು ಒಂದೇ ಥರ.

ಅಲ್ಲೇ ಒಂದು ಚೀಟಿಯಲ್ಲಿ ಲೆಕ್ಕ ಹಾಕಿದೆ. 67 ಬಾರ್‌ಗೆ ಆ ಪೈಪಿನ ಮೈಮೇಲೆ ಬೀಳುವ ಸ್ಟ್ರೆಸ್, ಅಂದರೆ ಉಕ್ಕಿನ ಪ್ರತಿ ಚದರ ಮಿಲಿಮೀಟರ್ ತಾಳಬೇಕಾದ ಬಲ, ಸುಮಾರು 51 ಮೆಗಾಪ್ಯಾಸ್ಕಲ್. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ (ಎಎಸ್‌ಎಂಇ) ಬಾಯ್ಲರ್ ಕೋಡಿನ ಕೋಷ್ಟಕದಲ್ಲಿ ಈ ಸಾದಾ ಉಕ್ಕಿಗೆ ತಣ್ಣಗಿರುವಾಗ 118ರವರೆಗೆ ಹೊರಿಸಬಹುದು. ಇದನ್ನೇ ಅಲೋವಬಲ್ ಸ್ಟ್ರೆಸ್ ಅನ್ನುವುದು. ಆದರೆ 425 ಡಿಗ್ರಿಗೆ ಅದು ಸುಮಾರು 75ಕ್ಕೆ ಇಳಿಯುತ್ತದೆ. 490ರಲ್ಲಿ 40ಕ್ಕೂ ಕಡಿಮೆ, ಅಂದರೆ ನಮ್ಮ ಪೈಪು ಹೊರಬೇಕಾದ 51ಕ್ಕೂ ಸಾಲದು. ಅಷ್ಟೇ ಬಿಸಿಯಲ್ಲಿ ಪಿ22 ಉಕ್ಕಿಗೆ 80ಕ್ಕಿಂತ ಜಾಸ್ತಿ ಹೊರಿಸಬಹುದು. ತಣ್ಣೀರಿನ ಪರೀಕ್ಷೆಯಲ್ಲಿ ಇದು ಹೇಗೆ ತಾನೇ ಗೊತ್ತಾಗಬೇಕು?

ಸೀಸನ್ ಶುರುವಾದ ದಿನವೇ ಆ ಪೈಪು ಒಡೆಯುತ್ತಿರಲಿಲ್ಲ. ಭತ್ತದ ಮೂಟೆ ಹೊತ್ತ ಅಟ್ಟದ ತೊಲೆ ವರ್ಷ ಕಳೆದಂತೆ ಬಗ್ಗುತ್ತದೆ, ಅಲ್ವಾ? ಬಿಸಿ ಉಕ್ಕೂ ಹಾಗೇ ನಿಧಾನವಾಗಿ ಹಿಗ್ಗುತ್ತಾ ಹೋಗುತ್ತದೆ. ಇದಕ್ಕೆ ಕ್ರೀಪ್ ಅಂತ ಹೆಸರು. ಅದಕ್ಕೇ ಜಾಸ್ತಿ ಬಿಸಿಯ ಅಂಕಿಗಳನ್ನು ಒಂದು ಲಕ್ಷ ಗಂಟೆ ತಾಳುವ ಶಕ್ತಿ ನೋಡಿ ನಿಗದಿ ಮಾಡುತ್ತಾರೆ. ಹಗಲೂ ರಾತ್ರಿ ಓಡಿಸಿದರೂ ಅದು 11 ವರ್ಷಕ್ಕಿಂತ ಹೆಚ್ಚು. ಸಾಲದ್ದಕ್ಕೆ 425 ಡಿಗ್ರಿ ದಾಟಿ ಬಹುಕಾಲ ಕಾದರೆ ಸಾದಾ ಉಕ್ಕಿನೊಳಗಿನ ಕಾರ್ಬನ್ ಗ್ರಾಫೈಟ್ ಆಗಿ ಬೇರೆಯಾಗಬಹುದು. ಆ ಬಿಸಿಯ ಆವಿ ಸೋರಿದರೆ ಕಣ್ಣಿಗೂ ಕಾಣುವುದಿಲ್ಲ. ಕೋಲಿಗೆ ಬಟ್ಟೆ ಕಟ್ಟಿ ಮುಂದೆ ಹಿಡಿದುಕೊಂಡು ನಾವು ಸೋರುವ ಜಾಗ ಹುಡುಕುತ್ತಿದ್ದೆವು.

ಪೈಪು ಉದ್ದವಾಗುವ ಮಾತು ಬೇರೆ. ಹತ್ತು ಮೀಟರ್ ಉಕ್ಕಿನ ಪೈಪು 400 ಡಿಗ್ರಿ ಬಿಸಿ ಏರಿದರೆ ಸುಮಾರು ಐದು ಸೆಂಟಿಮೀಟರ್ ಬೆಳೆಯುತ್ತದೆ. ಅದು ತಣ್ಣಗಾಗುತ್ತದೆ, ಮತ್ತೆ ಬಿಸಿಯಾಗುತ್ತದೆ. ಹಾಗಾಗಿ ಆ ಲೆಕ್ಕಕ್ಕೆ ಕೋಷ್ಟಕದ ತಣ್ಣಗಿರುವಾಗಿನ ಅಂಕಿ, ಬಿಸಿಯ ಅಂಕಿ ಎರಡೂ ಬೇಕು. ಒತ್ತಡ ಮತ್ತು ಭಾರದ ಲೆಕ್ಕಕ್ಕೆ ಬಿಸಿಯ ಅಂಕಿಯನ್ನೇ ಹಿಡಿಯಬೇಕು.

ಕೊನೆಗೆ ಆ ತುಂಡು ಕತ್ತರಿಸಿ ತೆಗೆಸಿದೆವು. ಪಿ22 ಪೈಪು ಬರುವುದಕ್ಕೆ, ವೆಲ್ಡ್ ಮಾಡಿದ ಮೇಲೆ ಜಾಯಿಂಟನ್ನು ಕಾಯಿಸಿ ನಿಧಾನವಾಗಿ ಆರಿಸುವುದಕ್ಕೆ ಸೇರಿ ಆರು ದಿನ ತಡವಾಯಿತು. ಗೇಟಿನಲ್ಲಿ ಕಬ್ಬಿನ ಗಾಡಿ ನಿಂತಿದ್ದವು. ರೈತರು ಬೈದರು. ಅವರ ಕಷ್ಟವೂ ನನಗೆ ಗೊತ್ತು. ಆದರೆ ಗುತ್ತಿಗೆದಾರರೊಬ್ಬರನ್ನೇ ದೂರಿ ಏನು ಪ್ರಯೋಜನ? ನಾವು ಕೊಟ್ಟ ಕಾಗದದಲ್ಲಿ ಡಿಗ್ರಿಯೇ ಇರಲಿಲ್ಲ.

ಕಾರ್ಖಾನೆಗಳವರಲ್ಲಿ ನನ್ನ ವಿನಂತಿ ಇಷ್ಟೇ. ವರ್ಕ್ ಆರ್ಡರಿನಲ್ಲಿ ಒತ್ತಡದ ಪಕ್ಕದಲ್ಲೇ ಬಿಸಿ ಮತ್ತು ಉಕ್ಕಿನ ಗ್ರೇಡ್ ಬರೆಯಿರಿ. ಪೈಪಿನ ಜೊತೆ ಬರುವ ಐಬಿಆರ್ (ಭಾರತೀಯ ಬಾಯ್ಲರ್ ನಿಯಮಾವಳಿ) ಸರ್ಟಿಫಿಕೇಟನ್ನು ಸುಮ್ನೆ ಫೈಲಿಗೆ ಸೇರಿಸಬೇಡಿ. ಅದರಲ್ಲಿನ ಹೀಟ್ ನಂಬರನ್ನು, ಅಂದರೆ ಉಕ್ಕನ್ನು ಯಾವ ಸಲ ಕರಗಿಸಿ ಮಾಡಿದ್ದು ಅನ್ನುವ ಗುರುತನ್ನು, ಪೈಪಿನ ಮೇಲಿನ ನಂಬರಿಗೆ ತಾಳೆ ನೋಡಿ. ವೆಲ್ಡಿಂಗಿಗೆ ಮುಂಚೆ ನೋಡಿ, ಬಣ್ಣ ಬಳಿಯುವ ಮುಂಚೆ ನೋಡಿ.

ಮಂಡ್ಯ, ಮೈಸೂರಿನ ಐಟಿಐಗಳಲ್ಲಿ ಫಿಟ್ಟರ್, ವೆಲ್ಡರ್ ಮಕ್ಕಳಿಗೆ ಈ ಕೋಷ್ಟಕ ಓದುವುದನ್ನು ಒಂದೆರಡು ಪಿರಿಯಡ್‌ನಲ್ಲಿ ಹೇಳಿಕೊಡಬಹುದು. ಪೈಪಿನ ಪಕ್ಕದಲ್ಲಿ ನಿಂತು ಕೆಲಸ ಮಾಡುವವರು ಅವರೇ. ನಾನು ಕೈಯಲ್ಲಿ ಬರೆದುಕೊಂಡ ಕೋಷ್ಟಕ ಇನ್ನೂ ನನ್ನ ಹತ್ತಿರ ಇದೆ. ಯಾರು ಕರೆದರೂ ತಂದು ತೋರಿಸುತ್ತೇನೆ.

– ಒಬ್ಬ ನಿವೃತ್ತ ಬಾಯ್ಲರ್ ಫೋರ್‌ಮನ್, ಮಂಡ್ಯ