ತಂಬೂರಿ ಕೊಳ್ಳುವ ಮೊದಲು 'ಒಮ್ಮೆ ಮೀಟಿ ತೋರಿಸಿ' ಅನ್ನಿ

ಸಂಪಾದಕರಿಗೆ ನಮಸ್ಕಾರ.

ನಾನು ಧಾರವಾಡದಲ್ಲಿ ಮನೆಯಲ್ಲೇ ಮಕ್ಕಳಿಗೆ ಹಿಂದೂಸ್ತಾನಿ ಗಾಯನ ಹೇಳಿಕೊಡುತ್ತೇನೆ. 21 ವರ್ಷ ಆಯಿತು. ಇತ್ತೀಚೆಗೆ ನನ್ನ ಒಬ್ಬ ವಿದ್ಯಾರ್ಥಿನಿಯ ಮನೆಯವರು ತಂಬೂರಿ ಕೊಳ್ಳಲು ಹೋಗಿ ಆನ್‌ಲೈನ್‌ನಲ್ಲಿ ಮೋಸ ಹೋದರು. ಅದರಲ್ಲಿ ನನ್ನ ತಪ್ಪೂ ಇದೆ. ಇನ್ನೊಂದು ಮನೆಗೆ ಹೀಗಾಗಬಾರದು ಅಂತ ಈ ಪತ್ರ ಬರೆಯುತ್ತಿದ್ದೇನೆ.

ಹುಡುಗಿ ಒಂಬತ್ತನೇ ತರಗತಿ. ನಾಲ್ಕು ವರ್ಷದಿಂದ ಕಲಿಯುತ್ತಿದ್ದಾಳೆ. ಮನೆಯಲ್ಲಿ ಫೋನಿನ ತಂಬೂರಿ ಆ್ಯಪ್ ಹಚ್ಚಿಕೊಂಡು ರಿಯಾಜ್ ಮಾಡುತ್ತಿದ್ದಳು. ಆ್ಯಪ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ತಾನೇ ತಂತಿ ಬಿಗಿಸುವ ಬಿರಡೆ ತಿರುಗಿಸಿ, ತಾನೇ ಶ್ರುತಿ ಕೂಡಿಸಿಕೊಂಡು ಹಾಡುವ ಮಗುವಿನ ಕಿವಿ ಬೇರೆ ಥರ ಪಳಗುತ್ತದೆ. ಅದಕ್ಕೇ 'ಸಾಧ್ಯವಾದರೆ ಒಂದು ತಂಬೂರಿ ಕೊಡಿಸಿ' ಅಂತ ಅವಳ ತಂದೆಗೆ ನಾನೇ ಹೇಳಿದ್ದೆ. ಅವರದು ಹೊಲಿಗೆ ಅಂಗಡಿ. ಮಗಳ ಹಾಡು ಅಂದರೆ ಜೀವ.

ಶ್ರಾವಣದ ಒಂದು ಸಂಜೆ ಅವರು ಫೋನ್ ಹಿಡಿದುಕೊಂಡೇ ಬಂದರು. 'ಮೇಡಂರೀ, ಮಿರಜ್ ತಂಬೂರಿ ಎಂಟೂವರೆ ಸಾವಿರಕ್ಕ ಸಿಗಾಕತ್ತೈತ್ರಿ. ನೋಡ್ರಿ, ಛಲೋ ಐತೇನ್ರಿ?' ಅಂದರು. ಮಿರಜ್ ಅಂದರೆ ಸಿತಾರ, ತಂಬೂರಿ ಮಾಡುವುದಕ್ಕೆ ಹೆಸರಾದ ಮಹಾರಾಷ್ಟ್ರದ ಊರು. ಅವರು ತೋರಿಸಿದ್ದು ಸಾಮಾಜಿಕ ಜಾಲತಾಣದಲ್ಲಿ ಬಂದ ಜಾಹೀರಾತು. ಕಾರ್ಖಾನೆ ಮುಚ್ಚುತ್ತಿದ್ದೇವೆ, ಉಳಿದಿರುವುದು ಹನ್ನೆರಡೇ, ಇವತ್ತು ರಾತ್ರಿವರೆಗೆ ಮಾತ್ರ ಈ ಬೆಲೆ ಅಂತ ಬರೆದಿತ್ತು. ಫೋಟೋದಲ್ಲಿದ್ದ ತಂಬೂರಿ ನಿಜಕ್ಕೂ ಚೆಂದ ಇತ್ತು. ಅಂಚಿನ ಎಲೆಬಳ್ಳಿ ಕೆತ್ತನೆ, ದಂಡಿಯ ಮೇಲಿನ ಬಿಳಿ ಪಟ್ಟಿ, ಎಲ್ಲ ಅಪ್ಪಟ ಮಿರಜ್ ಕೆಲಸ. ನಾನು ಫೋಟೋ ನೋಡಿ 'ಚೆನ್ನಾಗಿದೆ' ಅಂದೆ. ಬೆಲೆ ಯಾಕೆ ಇಷ್ಟು ಕಡಿಮೆ ಅಂತ ಕೇಳಲಿಲ್ಲ. ಮಾರುತ್ತಿರುವವರು ಯಾರು ಅಂತಲೂ ಕೇಳಲಿಲ್ಲ. ಕಲಿಸುವವರೇ ಹೂಂ ಅಂದ ಮೇಲೆ ಆ ಮನುಷ್ಯ ಇನ್ಯಾರನ್ನು ಕೇಳಬೇಕಿತ್ತು?

ಆ ರಾತ್ರಿಯೇ ಅವರು ಯುಪಿಐ ಮೂಲಕ 8,500 ರೂಪಾಯಿ ಕಳಿಸಿದರು. ಎರಡು ದಿನ ಬಿಟ್ಟು ಕರೆ ಬಂತು. ದೊಡ್ಡ ವಾದ್ಯ, ಮರದ ಪೆಟ್ಟಿಗೆ ಮಾಡಿಸಬೇಕು, 1,400 ಹಾಕಿ ಅಂದರು. ಹಾಕಿದರು. ಆಮೇಲೆ ದಾರಿಯಲ್ಲಿ ಒಡೆದರೆ ವಿಮೆ ಬೇಕು, 2,200 ಕಟ್ಟಿ, ತಂಬೂರಿ ಕೈಗೆ ಬಂದ ಮೇಲೆ ಈ ಹಣ ವಾಪಸ್ ಬರುತ್ತದೆ ಅಂದರು. ಅದನ್ನೂ ಕಟ್ಟಿದರು. ಮೊದಲೇ 12,100 ಕೇಳಿದ್ದರೆ ಅವರು ಯೋಚನೆ ಮಾಡುತ್ತಿದ್ದರೇನೋ. ಆದರೆ ಎಂಟೂವರೆ ಸಾವಿರ ಕೊಟ್ಟು ಕೂತವರಿಗೆ ಇನ್ನಷ್ಟು ಕೊಡದೆ ಬೇರೆ ದಾರಿ ಕಾಣುವುದಿಲ್ಲ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು.

ಮೂರು ವಾರದ ಮೇಲೆ ಪಾರ್ಸೆಲ್ ಬಂತು. ಮರದ ಪೆಟ್ಟಿಗೆ ಇರಲಿಲ್ಲ, ರಟ್ಟಿನ ಡಬ್ಬಿ. ಗುರುಗಳ ಎದುರೇ ಮೊದಲ ಸಲ ಮೀಟಬೇಕು ಅಂತ ಹುಡುಗಿಗೆ ಆಸೆ. ಹಾಗಾಗಿ ನಮ್ಮ ಮನೆಯಲ್ಲೇ ಬಿಚ್ಚಿದರು. ತಂಬೂರಿಯ ಕೆಳಗಿನ ಗುಂಡನೆಯ ಬುರುಡೆ ತಟ್ಟಿದೆ. ಪ್ಲಾಸ್ಟಿಕ್ ಡಬ್ಬಿ ತಟ್ಟಿದ ಹಾಗಾಯಿತು. ಅಸಲಿ ತಂಬೂರಿಗೆ ಹಾಕುವ ಒಣ ಸೋರೆಬುರುಡೆಯೇ ಅಲ್ಲ ಅದು. ಅಚ್ಚಿನಲ್ಲಿ ಎರಕ ಹೊಯ್ದು ಬಣ್ಣ ಬಳಿದ ಫೈಬರ್. ಮೇಲಿನ ಹಲಗೆ ಪ್ಲೈವುಡ್. ನಾಲ್ಕು ಬಿರಡೆಗಳಲ್ಲಿ ಎರಡು ತಿರುಗುತ್ತಿದ್ದವು, ಇನ್ನೆರಡನ್ನು ಅಂಟು ಹಾಕಿ ಕೂರಿಸಿದ್ದರು. ಹೋಟೆಲಿನ ಗೋಡೆಗೆ ಅಲಂಕಾರಕ್ಕೆ ತೂಗುಹಾಕುತ್ತಾರಲ್ಲ, ಆ ಥರದ ವಸ್ತು.

ಕುದುರೆಯ ಮಾತು, ಅಂದರೆ ಬುರುಡೆಯ ಮೇಲಿನ ಹಲಗೆಯಲ್ಲಿ ತಂತಿಗಳನ್ನು ಹೊತ್ತು ನಿಲ್ಲುವ ಸಣ್ಣ ತುಂಡಿನ ಮಾತು ಸ್ವಲ್ಪ ಹೇಳಲೇಬೇಕು. ತಂಬೂರಿಯ ಜೀವ ಇರುವುದು ಅಲ್ಲೇ. ಅಸಲಿ ಕುದುರೆಯ ಮೇಲ್ಭಾಗ ಕಣ್ಣಿಗೆ ಸಪಾಟು ಕಾಣುತ್ತದೆ, ಆದರೆ ಸಪಾಟು ಇರುವುದಿಲ್ಲ. ಬಹಳ ನಯವಾದ ಇಳಿಜಾರು ಇರುತ್ತದೆ. ತಂತಿ ಮೀಟಿದಾಗ ಆ ಇಳಿಜಾರನ್ನು ಸವರುತ್ತಾ ಕಂಪಿಸುತ್ತದೆ. ತಂತಿಯ ಕೆಳಗೆ ಒಂದು ಎಳೆ ನೂಲು ಇಟ್ಟು, ಕೂದಲೆಳೆಯಷ್ಟು ಅತ್ತಿತ್ತ ಸರಿಸಿದರೆ ಒಂದು ಜಾಗದಲ್ಲಿ ನಾದ ಫಕ್ಕನೆ ತೆರೆದುಕೊಳ್ಳುತ್ತದೆ. ಕುದುರೆಯನ್ನು ಅರದಿಂದ ಉಜ್ಜಿ, ಮೀಟಿ ಕೇಳಿ, ಮತ್ತೆ ಉಜ್ಜಿ ಆ ಇಳಿಜಾರು ತರುವುದಕ್ಕೆ ಜವಾರಿ ತೆಗೆಯುವುದು ಅನ್ನುತ್ತಾರೆ. ಅದು ಕಿವಿಯಿಂದ ಮಾಡುವ ಕೆಲಸ, ಅಳತೆಪಟ್ಟಿಯಿಂದ ಆಗುವುದಿಲ್ಲ. ಇವರಿಗೆ ಬಂದದ್ದರಲ್ಲಿ ಕುದುರೆ ಅಂತ ಒಂದು ಪ್ಲಾಸ್ಟಿಕ್ ತುಂಡು ಇತ್ತು. ನಾನು ನೂಲು ಹಾಕಿ ಅರ್ಧ ಗಂಟೆ ಒದ್ದಾಡಿದೆ. ತಂತಿ ಟಕ್ ಟಕ್ ಅಂದಿತೇ ಹೊರತು ನಾದ ಹೊರಡಲಿಲ್ಲ. ಹುಡುಗಿ ಏನೂ ಮಾತಾಡದೆ ನನ್ನ ಕೈಯನ್ನೇ ನೋಡುತ್ತಾ ಕೂತಿದ್ದಳು. ಆ ಅರ್ಧ ಗಂಟೆ ನನಗೆ ಮರೆಯುವುದಿಲ್ಲ.

ಫೋನ್ ಮಾಡಿದರೆ 'ಕೈಕೆಲಸದ ಮಾಲು, ಸ್ವಲ್ಪ ವ್ಯತ್ಯಾಸ ಇರುತ್ತೆ' ಅಂದರು. ಜಗಳ ಮಾಡಿದ ಮೇಲೆ ಹಣ ವಾಪಸ್ ಕಳಿಸುತ್ತೇವೆ ಅಂತ ಒಂದು ಕ್ಯೂಆರ್ ಕೋಡ್ ಕಳಿಸಿದರು. ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಬೇಕಂತೆ. ತಂದೆ ಒತ್ತಲು ಹೊರಟಿದ್ದರು. ಮಗಳು ತಡೆದಳು. 'ಅಪ್ಪಾ, ರೊಕ್ಕ ಬರಾಕ ಪಿನ್ ಯಾಕ ಹಾಕಬೇಕು?' ಅಂದಳಂತೆ. ಅವಳು ಹೇಳಿದ್ದೇ ಸರಿ. ಪಿನ್ ಬೇಕಾಗುವುದು ನಮ್ಮ ಖಾತೆಯಿಂದ ಹಣ ಹೋಗುವಾಗ. ಬರುವ ಹಣಕ್ಕೆ ಪಿನ್ ಬೇಡ. ಅವತ್ತೇ ಆ ನಂಬರ್ ಬಂದ್ ಆಯಿತು, ಜಾಹೀರಾತಿನ ಪುಟವೂ ಕಾಣೆಯಾಯಿತು.

ನಾವು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟೆವು. ದೂರಿನ ಸಂಖ್ಯೆ ಸಿಕ್ಕಿದೆ. ಹಣ ಸಿಕ್ಕಿಲ್ಲ. ಹಣ ಹೋಗಿ ಒಂದು ತಿಂಗಳಾದ ಮೇಲೆ ಕರೆ ಮಾಡಿದರೆ ಆ ಖಾತೆಯಲ್ಲಿ ಏನು ಉಳಿದಿರುತ್ತದೆ? ಬೇಗ ಹೇಳಿದರೆ, ಇನ್ನೂ ಖಾತೆಯಲ್ಲೇ ಇರುವ ಹಣವನ್ನು ಬ್ಯಾಂಕಿನವರು ತಡೆಹಿಡಿಯಬಹುದು. ಅದಕ್ಕೇ ಓದುಗರಿಗೆ ನನ್ನ ವಿನಂತಿ. ಪೆಟ್ಟಿಗೆ, ವಿಮೆ ಅಂತ ಎರಡನೇ ಸಲ ಹಣ ಕೇಳಿದ ಗಳಿಗೆಯಲ್ಲೇ ನಿಲ್ಲಿಸಿ. ಮೋಸ ಅನಿಸಿದರೆ ನಾಚಿಕೆ ಪಡದೆ ಅವತ್ತೇ 1930ಕ್ಕೆ ಫೋನ್ ಮಾಡಿ. ಈ ತಂದೆ ಪೆಟ್ಟಿಗೆ ಬಿಚ್ಚಿದ ಮೇಲೂ ನಾಲ್ಕು ದಿನ ಊಟ ಸರಿಯಾಗಿ ಮಾಡದೆ ಸುಮ್ಮನಿದ್ದರು. ನಾಚಿಕೆ ಪಡಬೇಕಾದವರು ಅವರಲ್ಲ.

ಮಾರಿದವರ ಹೆಸರು, ವಿಳಾಸ ಗೊತ್ತಿದ್ದರೆ ದಾರಿ ಇನ್ನೂ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಮಾರಿದವರ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವೂ ಇಲ್ಲ. ನಮ್ಮ ಕೈಯಲ್ಲಿ ಇದ್ದದ್ದು ಒಂದು ಬಿಲ್ಲು ಮಾತ್ರ. ಅದರಲ್ಲಿ ಊರು ಮಿರಜ್ ಅಂತ ಇತ್ತು. ಆದರೆ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ 07. ಅದು ದೆಹಲಿಯದು. ಮಹಾರಾಷ್ಟ್ರದ್ದು 27, ನಮ್ಮ ಕರ್ನಾಟಕದ್ದು 29. ಜಿಎಸ್‌ಟಿ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿ ನೋಡಿದೆವು, ಅಂಥ ನೋಂದಣಿಯೇ ಇಲ್ಲ. ಎರಡು ನಿಮಿಷದ ಕೆಲಸ ಇದು. ಹಣ ಕೊಡುವ ಮೊದಲು ಮಾಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಅಂದ ಹಾಗೆ, ಚಿಕ್ಕ ಕುಶಲಕರ್ಮಿಗಳ ಹತ್ತಿರ ಜಿಎಸ್‌ಟಿ ನಂಬರ್ ಇಲ್ಲದೆಯೂ ಇರಬಹುದು. ಅದು ತಪ್ಪಲ್ಲ. ಸುಳ್ಳು ನಂಬರ್ ಕೊಡುವುದು ತಪ್ಪು.

ಮನಸ್ಸು ತಡೆಯದೆ ಒಂದು ಭಾನುವಾರ ನಾನು, ಆ ತಂದೆ, ಹುಡುಗಿ ಮೂವರೂ ರೈಲು ಹತ್ತಿ ಮಿರಜಿಗೆ ಹೋದೆವು. ನಮ್ಮ ಕಡೆಯ ಹಾಡುಗಾರರಿಗೆ ಮಿರಜ್ ಹೊರಗಿನ ಊರಲ್ಲ. ಹೆಸರಾಂತ ಹಿಂದೂಸ್ತಾನಿ ಗಾಯಕ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು. ಅವರ ಶಿಷ್ಯರೇ ನಮ್ಮ ಕುಂದಗೋಳದ ಸವಾಯಿ ಗಂಧರ್ವರು. ಅಲ್ಲಿ ಸಿತಾರ, ತಂಬೂರಿ ಮಾಡುವವರ ಹಿಂದಿನವರು ಕತ್ತಿ, ಗುರಾಣಿಯಂಥ ಆಯುಧಗಳ ಕೆಲಸದವರು. 19ನೇ ಶತಮಾನದಲ್ಲಿ ಆ ಕೈಗಳು ವಾದ್ಯದ ಕಡೆ ತಿರುಗಿದವು. 2024ರಲ್ಲಿ ಮಿರಜಿನ ಸಿತಾರಕ್ಕೂ ತಂಬೂರಿಗೂ ಜಿಐ, ಅಂದರೆ ಆ ಊರಿನದೇ ವಸ್ತು ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಈಗ ಮೋಸಗಾರರೂ 'ಜಿಐ ತಂಬೂರಿ' ಅಂತ ಬರೆದುಕೊಳ್ಳುತ್ತಾರೆ. ಹಾಗೆ ಬರೆದವರನ್ನು 'ನೀವು ಜಿಐನ ನೋಂದಾಯಿತ ಬಳಕೆದಾರರಾ? ದಾಖಲೆ ತೋರಿಸಿ' ಅಂತ ಕೇಳಿ.

ಅಲ್ಲಿ ಒಬ್ಬ ಹಿರಿಯ ಕುಶಲಕರ್ಮಿಗೆ ಜಾಹೀರಾತಿನ ಫೋಟೋ ತೋರಿಸಿದೆವು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಕರೆದು, ಮಾಡುತ್ತಿದ್ದ ಇನ್ನೊಂದು ತಂಬೂರಿಯ ಅಂಚು ತೋರಿಸಿದರು. ಅದೇ ಎಲೆಬಳ್ಳಿ. ಅವರೇ ಮಾಡಿದ ತಂಬೂರಿಯ ಫೋಟೋ ಅದು! ಯಾರೋ ಕದ್ದು ಹಾಕಿಕೊಂಡಿದ್ದರು. ನಮ್ಮ 12,100 ಹೋಯಿತು. ಅವರ ಹೆಸರು ಎಷ್ಟು ಕಡೆ ಹೀಗೆ ಹಾಳಾಗಿದೆಯೋ. ಅವರು ಬಳಸುವ ಸೋರೆಬುರುಡೆಗಳು ಪಂಢರಪುರದ ಕಡೆಯಿಂದ ಬರುತ್ತವೆ. ಬಂದ ಮೇಲೆ ತಿಂಗಳುಗಟ್ಟಲೆ ಒಣಗಬೇಕು. ಆಮೇಲೆ ಕತ್ತರಿಸುವುದು, ದಂಡಿ ಕೂಡಿಸುವುದು, ಕೆತ್ತನೆ, ಪಾಲಿಷ್, ಕೊನೆಗೆ ಜವಾರಿ. ಅವರು ಹೇಳಿದ ಬೆಲೆಯ ಕಾಲು ಭಾಗವೂ ಇರಲಿಲ್ಲ ಆ ಜಾಹೀರಾತಿನ ಬೆಲೆ. ಈ ಕೆಲಸವನ್ನೆಲ್ಲ ಕಣ್ಣಾರೆ ನೋಡಿದ ಮೇಲೆ ಆ ತಂದೆ ಹೇಳಿದರು, 'ಒಂದ್ ಜಾಕೀಟ್ ಹೊಲ್ಯಾಕ ಎಷ್ಟ್ ತಾಸ್ ಬೇಕಂತ ನನಗ ಗೊತ್ತೈತ್ರಿ. ಇದಕ್ಕ ಅಷ್ಟ್ ಕಡಿಮಿ ಹೆಂಗ ಅಂತ ನಾನ ಕೇಳಬೇಕಿತ್ರಿ.'

ಹೊರಡುವಾಗ ಆ ಹಿರಿಯರು ಒಂದು ಉಪಾಯ ಹೇಳಿದರು. ಈ ಪತ್ರದಲ್ಲಿ ಉಳಿದದ್ದೆಲ್ಲ ಮರೆತರೂ ಇದೊಂದು ನೆನಪಿಡಿ. ಕೊಳ್ಳುವ ಮೊದಲು ವಿಡಿಯೊ ಕರೆ ಮಾಡಿಸಿ. ರೆಕಾರ್ಡ್ ಮಾಡಿದ ವಿಡಿಯೊ ಬೇಡ, ಆ ಹೊತ್ತಿನಲ್ಲೇ ಮಾತಾಡುವ ಕರೆ. ಹೆಣ್ಣು ಧ್ವನಿಯಾದರೆ 'ಕಪ್ಪು ಐದಕ್ಕೆ ಕೂಡಿಸಿ ಮೀಟಿ' ಅನ್ನಿ, ಅಂದರೆ ಹಾರ್ಮೋನಿಯಂನ ಐದನೇ ಕಪ್ಪು ಮನೆಯ ಶ್ರುತಿಗೆ. ಗಂಡು ಧ್ವನಿಯಾದರೆ 'ಕಪ್ಪು ಒಂದಕ್ಕೆ' ಅನ್ನಿ. ನಿಮ್ಮ ಕಣ್ಣೆದುರೇ ಬಿರಡೆ ತಿರುಗಬೇಕು, ಶ್ರುತಿ ಸೂಕ್ಷ್ಮವಾಗಿ ಸರಿಮಾಡುವ ಮಣಿ ಸರಿಯಬೇಕು, ನೂಲು ಸರಿಯಬೇಕು, ನಾದ ತುಂಬಿಕೊಳ್ಳಬೇಕು. ವಾದ್ಯ ಇಲ್ಲದವರು, ವಾದ್ಯ ಗೊತ್ತಿಲ್ಲದವರು ಇದನ್ನು ಮಾಡಿ ತೋರಿಸಲಾರರು. ನೆಟ್‌ವರ್ಕ್ ಇಲ್ಲ, ಕೆಲಸದವರು ಊಟಕ್ಕೆ ಹೋಗಿದ್ದಾರೆ, ನಾಳೆ ತೋರಿಸ್ತೀವಿ, ಇವತ್ತು ಹಣ ಹಾಕಿ ಅನ್ನುತ್ತಾರೆ. ಅಲ್ಲಿಗೇ ಬಿಡಿ. ತಬಲಾ ಆಗಲಿ, ಕೊಳಲಾಗಲಿ, ಹಾರ್ಮೋನಿಯಂ ಆಗಲಿ, ಇದೇ ಮಾತು. ಕಲಿಯುವವರಿಗೆ ತಿಳಿಯದಿದ್ದರೆ ಆ ಕರೆಯಲ್ಲಿ ಕಲಿಸುವವರು ಜೊತೆಗಿರಲಿ. ನನ್ನ ಹಾಗೆ ಫೋಟೋ ನೋಡಿ ಹೂಂ ಅನ್ನಬೇಡಿ ಅಂತ ನನ್ನ ಜೊತೆಯ ಸಂಗೀತ ಶಿಕ್ಷಕರಿಗೆಲ್ಲ ಕೈಮುಗಿದು ಕೇಳಿಕೊಳ್ಳುತ್ತೇನೆ.

ಫೋಟೋವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ. ಒಂದೇ ಚಿತ್ರ ಬೇರೆ ಬೇರೆ ಹೆಸರಿನ ಪುಟಗಳಲ್ಲಿ ಕಂಡರೆ ದೂರ ಇರಿ. 'ಅಸಲಿ ಆನೆದಂತದ ಕೆಲಸ' ಅಂತ ಬರೆದಿದ್ದರೂ ದೂರ ಇರಿ. ದಂತ ಮಾರುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ. ಹಾಗೆ ಬರೆದವರು ಒಂದೋ ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ಕಾನೂನು ಮುರಿಯುತ್ತಿದ್ದಾರೆ. ಆನ್‌ಲೈನ್‌ನಲ್ಲಿ ಮಾರುವವರೆಲ್ಲ ಕಳ್ಳರು ಅಂತ ನನ್ನ ಮಾತಿನ ಅರ್ಥ ಅಲ್ಲ. ಮಿರಜಿನ ಆ ಹಿರಿಯರೂ ವಾಟ್ಸ್ಆ್ಯಪ್‌ನಲ್ಲೇ ಆರ್ಡರ್ ತಗೊಂಡು ದೂರದ ಊರುಗಳಿಗೆ ಕಳಿಸುತ್ತಾರೆ. ಆದರೆ ಅವರನ್ನು ಕೇಳಿದರೆ ಮೀಟಿ ತೋರಿಸುತ್ತಾರೆ, ಅವಸರ ಮಾಡುವುದಿಲ್ಲ.

ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಗೆ ನಿಮ್ಮ ಪತ್ರಿಕೆಯ ಮೂಲಕ ಒಂದು ಕೋರಿಕೆ. ವಾದ್ಯ ಮಾಡುವವರ, ರಿಪೇರಿ ಮಾಡುವವರ ಹೆಸರು ಮತ್ತು ಫೋನ್ ನಂಬರುಗಳನ್ನು ಜಿಲ್ಲಾವಾರು ಒಂದು ಪಟ್ಟಿ ಮಾಡಿ ಎಲ್ಲರಿಗೂ ಸಿಗುವಂತೆ ಪ್ರಕಟಿಸಲಿ. ಗಡಿಯಾಚೆಯ ಮಿರಜಿನವರೂ ಅದರಲ್ಲಿರಲಿ. ಹಳ್ಳಿಯಲ್ಲಿ ಕಲಿಯುವ ಮಗುವಿನ ತಂದೆತಾಯಿಗೆ ಯಾರನ್ನು ಕೇಳಬೇಕು ಅನ್ನುವುದೇ ಗೊತ್ತಿರುವುದಿಲ್ಲ. ಆ ಖಾಲಿ ಜಾಗದಲ್ಲಿ ಜಾಹೀರಾತಿನವರು ಬಂದು ಕೂರುತ್ತಾರೆ.

ಹುಡುಗಿ ಈಗ ನನ್ನ ಹಳೆಯ ತಂಬೂರಿ ಒಯ್ದಿದ್ದಾಳೆ. ತಂದೆ ಮಿರಜಿನ ಆ ಹಿರಿಯರ ಹತ್ತಿರವೇ ಒಂದು ಹೇಳಿ ಬಂದಿದ್ದಾರೆ. ಕೆಲಸ ಆದ ಹಾಗೆ ಸ್ವಲ್ಪ ಸ್ವಲ್ಪ ಹಣ ತಗೊಳ್ಳಲು ಆ ಹಿರಿಯರು ಒಪ್ಪಿದ್ದಾರೆ. ಆ ಫೈಬರ್ ಬುರುಡೆಯನ್ನು ನಾನು ಇಟ್ಟುಕೊಂಡಿದ್ದೇನೆ. ವಾದ್ಯ ಕೊಳ್ಳಬೇಕು ಅಂತ ಯಾವ ಪಾಲಕರು ಬಂದರೂ ಮೊದಲು ಅದನ್ನು ತಟ್ಟಿ ನೋಡಿ ಅನ್ನುತ್ತೇನೆ. ಆಮೇಲೆ ನನ್ನ ತಂಬೂರಿಯನ್ನು ತಟ್ಟಲು ಹೇಳುತ್ತೇನೆ.

ಇತಿ,
ಒಬ್ಬ ಸಂಗೀತ ಶಿಕ್ಷಕಿ,
ಧಾರವಾಡ