ಹಾವೇರಿಯ ಸರ್ ಅವರಿಗೆ, ಮತ್ತು ಉಳಿದ ಎಲ್ಲರಿಗೆ

ಮುಂದಿನ ಸೋಮವಾರದಿಂದ ನಾನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಭೌತಶಾಸ್ತ್ರದ ಎಂ.ಎಸ್ಸಿ. ಓದಲು ಹೋಗುತ್ತಿದ್ದೇನೆ. ಬಿ.ಎಸ್ಸಿ. ಮುಗಿಸಿ 13 ವರ್ಷಗಳಾದ ಮೇಲೆ, ಹಗಲು ಬಟ್ಟೆ ಅಂಗಡಿಯ ಲೆಕ್ಕ ಬರೆದು ರಾತ್ರಿ ಹತ್ತರ ನಂತರ ಮೊಬೈಲನ್ನು ತಂಬಿಗೆಗೆ ಆನಿಸಿಟ್ಟು ಓದಿದವಳಿಗೆ ಈ ಒಂದು ವಾಕ್ಯ ಬರೆಯಲು ಇಷ್ಟು ಹೊತ್ತು ಬೇಕಾಯಿತು. 2025ರ ಫೆಬ್ರುವರಿ 2ರಂದು ಬರೆದ, ಐಐಟಿ ಮುಂತಾದ ಸಂಸ್ಥೆಗಳ ಎಂ.ಎಸ್ಸಿ. ಪ್ರವೇಶಕ್ಕೆ ನಡೆಯುವ ಜಾಮ್ ಪರೀಕ್ಷೆಯಲ್ಲಿ ಅರ್ಹತೆ ದೊರೆತ ಮೇಲೂ ದೂರದ ಸಂಸ್ಥೆಗಳನ್ನು ಬಿಟ್ಟು ಧಾರವಾಡವನ್ನೇ ಏಕೆ ಆರಿಸಿಕೊಂಡೆ ಎಂದು ಹಿರಿಯರು ಕೆಲವರು ಬೇಸರಪಟ್ಟುಕೊಂಡಿದ್ದಾರೆ. ಮಗಳು ಆರನೆಯ ತರಗತಿಯಲ್ಲಿದ್ದಾಳೆ, ಬೆಟಗೇರಿಯ ಮನೆಯಲ್ಲಿ ಅವ್ವ ಇದ್ದಾಳೆ, ಗದಗದಿಂದ ಧಾರವಾಡಕ್ಕೆ ರೈಲಿನಲ್ಲಿ ದಿನವೂ ಹೋಗಿಬರಬಹುದು. ನನ್ನ ಲೆಕ್ಕ ಇಷ್ಟೇ.

ಈ ಓದು ಪ್ರಾರಂಭವಾದದ್ದು ಒಂದು ಅವಮಾನದಿಂದ ಎಂದು ಈಗ ನಗುತ್ತ ಹೇಳಬಲ್ಲೆ. ವಿಚಾರಿಸಲು ಹೋಗಿದ್ದ ಒಂದು ತರಬೇತಿ ಕೇಂದ್ರದಲ್ಲಿ, ಈ ವಯಸ್ಸಿನಲ್ಲಿ ಇದಕ್ಕೆಲ್ಲ ಅವಕಾಶವಿರುವುದಿಲ್ಲ, ಮಗಳಿಗಾಗಿ ಬೇಕಾದರೆ ಅರ್ಜಿ ಒಯ್ಯಿರಿ ಎಂದರು. ಮನೆಗೆ ಬಂದು ಪರೀಕ್ಷೆಯ ನಿಯಮಗಳನ್ನು ನಾನೇ ಓದಿದಾಗ ಅದಕ್ಕೆ ವಯಸ್ಸಿನ ಮಿತಿಯೇ ಇಲ್ಲವೆಂದು ತಿಳಿಯಿತು. ಅಂದಿನಿಂದ ಯಾವುದನ್ನೂ ಸ್ವತಃ ಓದಿ ನೋಡದೆ ನಂಬಬಾರದೆಂಬ ಹಟ ಹಿಡಿಯಿತು, ಮತ್ತು ಆ ಹಟ ಗಣಿತಕ್ಕೆ ಬಹಳ ಉಪಯೋಗಕ್ಕೆ ಬಂತು.

ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್‌ನ ಪಾಠಗಳಿಗೆ, ಅದರಲ್ಲೂ ಐಐಟಿ ಮದ್ರಾಸಿನ ಪ್ರೊ. ವಿ. ಬಾಲಕೃಷ್ಣನ್ ಅವರ ಭೌತಶಾಸ್ತ್ರದ ಉಪನ್ಯಾಸಗಳಿಗೆ, ಎಂಐಟಿಯ ಪ್ರೊ. ಗಿಲ್ಬರ್ಟ್ ಸ್ಟ್ರಾಂಗ್ ಅವರು ಮಾತೃಕೆಗಳ (ಮ್ಯಾಟ್ರಿಕ್ಸ್) ಬಗ್ಗೆ ಮಾಡಿದ ಪಾಠಗಳಿಗೆ, ಇವೆಲ್ಲವನ್ನೂ ಹಣ ಕೇಳದೆ ಜಗತ್ತಿನ ಮುಂದಿಟ್ಟವರಿಗೆ ನಾನು ಋಣಿ. ಆದರೆ ವಿಡಿಯೊ ನೋಡುವಾಗ ಎಲ್ಲವೂ ತಿಳಿದಂತೆ ಅನಿಸುತ್ತದೆ ಎಂಬುದೂ, ವಿಡಿಯೊ ನಿಲ್ಲಿಸಿ ಖಾಲಿ ಹಾಳೆಯ ಮುಂದೆ ಕೂತಾಗ ಒಂದು ಸಾಲೂ ಮೂಡುವುದಿಲ್ಲ ಎಂಬುದೂ ಸ್ವಂತವಾಗಿ ಓದಿದ ಎಲ್ಲರಿಗೂ ಗೊತ್ತು. 2024ರ ಫೆಬ್ರುವರಿ 11ರ ನನ್ನ ಮೊದಲ ಪ್ರಯತ್ನ ಹೀಗೆಯೇ ಮುಗಿಯಿತು. ಆಯ್ಕೆಯ 30 ಪ್ರಶ್ನೆಗಳಲ್ಲಿ ಗೊತ್ತಿಲ್ಲದವಕ್ಕೂ ಗುರುತು ಹಾಕಿ, ಎರಡಂಕದ ಪ್ರತಿ ತಪ್ಪಿಗೆ ಮೂರರಲ್ಲಿ ಎರಡು ಪಾಲು ಅಂಕದಂತೆ ಕೈಯಲ್ಲಿದ್ದದ್ದನ್ನೂ ಕಳೆದುಕೊಂಡೆ. ಉತ್ತರವನ್ನು ಸಂಖ್ಯೆಯಲ್ಲೇ ತುಂಬಬೇಕಾದ, ತಪ್ಪಿಗೆ ಕಡಿತವೇ ಇಲ್ಲದ 20 ಪ್ರಶ್ನೆಗಳನ್ನು ಕೊನೆಗಿಟ್ಟುಕೊಂಡು ಅರ್ಧಕ್ಕೂ ಸಮಯ ಸಾಲದೆ ಎದ್ದು ಬಂದೆ.

ಹಾವೇರಿಯ ಸರ್ ಅವರ ಹೆಸರು ಇಲ್ಲಿ ಇರುವುದಿಲ್ಲ. ಹೆಸರು ಬರೆದರೆ ಇನ್ನು ಮೇಲೆ ಫೋನ್ ಎತ್ತುವುದಿಲ್ಲ ಎಂದು ಅವರು ತಾಕೀತು ಮಾಡಿದ್ದಾರೆ. ಜೂನಿಯರ್ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ರಾತ್ರಿ ನಿದ್ದೆ ಕಡಿಮೆ ಎಂದು ತಾವೇ ಹೇಳಿಕೊಳ್ಳುವವರು. ಒಂದು ಅನುಕಲನದ ಬಗ್ಗೆ ನಾನು ಅಂತರ್ಜಾಲದಲ್ಲಿ ಹರಕು ಇಂಗ್ಲಿಷಿನಲ್ಲಿ ಕೇಳಿದ್ದ ಪ್ರಶ್ನೆಗೆ ಅವರು ಕನ್ನಡದಲ್ಲಿ ಉತ್ತರ ಬರೆದರು. ನಮ್ಮ ಪರಿಚಯ ಅಲ್ಲಿಂದ. ನಾನು ಬಿಡಿಸಿದ ಲೆಕ್ಕದ ಚಿತ್ರ ಕಳಿಸಿದರೆ ಅವರು ತಪ್ಪು ಯಾವುದೆಂದು ಹೇಳುತ್ತಿರಲಿಲ್ಲ, ಯಾವ ಸಾಲಿನಲ್ಲಿದೆ ಎಂದಷ್ಟೇ ಹೇಳುತ್ತಿದ್ದರು. ತೀರ ಸಿಕ್ಕಿಕೊಂಡಾಗ ಪಾಟಿಯ ಮೇಲೆ ಬಳಪದಿಂದ ಚಿತ್ರ ಬರೆದು ಅದರ ಫೋಟೊ ಕಳಿಸುತ್ತಿದ್ದರು, ಮತ್ತು ಆ ಚಿತ್ರದಲ್ಲಿ ಸಮೀಕರಣ ಒಂದೂ ಇರುತ್ತಿರಲಿಲ್ಲ.

2024ರಲ್ಲಿ ನಮ್ಮ ಮನೆಯಲ್ಲಿ ಏನಾಯಿತೆಂಬುದು ಇದನ್ನು ಓದುವ ಹೆಚ್ಚಿನವರಿಗೆ ಗೊತ್ತಿದೆ. ಅದನ್ನು ಮತ್ತೆ ಬರೆಯುವುದಿಲ್ಲ. ಏಪ್ರಿಲ್ ನಂತರ ಅಪ್ಪನ ಮಗ್ಗವನ್ನು ಮಾರಿದೆವು, ಅದು ನಿಂತಿದ್ದ ಜಾಗದಲ್ಲಿ ನನ್ನ ಓದುವ ಚಾಪೆ ಬಂತು. ಆ ಜಾಗದಲ್ಲಿ ಕೂತು ಓದಬಲ್ಲೆ ಎಂದುಕೊಂಡಿದ್ದೆ. ನವೆಂಬರಿನ ಒಂದು ರಾತ್ರಿ, ಉರುಳುವ ಚಕ್ರಗಳ ಒಂದೇ ಲೆಕ್ಕವನ್ನು ನಾಲ್ಕನೆಯ ಸಲ ತಪ್ಪು ಮಾಡಿ, ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬಿ, ನಾಳೆಯಿಂದ ಓದು ನಿಲ್ಲಿಸುತ್ತೇನೆ, ನಿಮಗೆ ತೊಂದರೆ ಕೊಟ್ಟೆ, ಕ್ಷಮಿಸಿರಿ ಎಂದು ಸರ್ ಅವರಿಗೆ ಸಂದೇಶ ಕಳಿಸಿದಾಗ ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿತ್ತು. ಕೂಡಲೇ ವಿಡಿಯೊ ಕರೆ ಬಂತು. ಸಮಾಧಾನದ ಮಾತು ಬರುತ್ತದೆಂದು ಹೆದರಿಯೇ ಎತ್ತಿದೆ. "ಮನ್ಯಾಗ ಬಾಬಿನ್ ಅದಾವೇನವಾ? ಎರಡೂ ಕಡೆ ತಟ್ಟಿ ಇರೂವಂಥಾದ್ದು. ಒಂದ ತಗೊಂಡ ಬಾ," ಎಂದರು.

ಮಗ್ಗದ ಸಾಮಾನಿನಲ್ಲಿ ಉಳಿದಿದ್ದದ್ದು ಅಟ್ಟದ ಮೇಲಿನ ನೂಲು ಸುತ್ತುವ ಒಂದು ಬುಟ್ಟಿ ಬಾಬಿನ್ ಮಾತ್ರ, ಮತ್ತು ಅದನ್ನು ಅಲ್ಲಿಯವರೆಗೆ ಯಾರೂ ಮುಟ್ಟಿರಲಿಲ್ಲ. ಏಣಿ ಹತ್ತಿ ಒಂದನ್ನು ತೆಗೆದೆ. ಅಪ್ಪ ಹಿಡಿದು ಹಿಡಿದು ಮರ ಕಪ್ಪಾಗಿತ್ತು, ಒಳದಿಂಡಿನ ಮೇಲೆ ಕುಸುಬಿ ಬಣ್ಣದ ನೂಲು ಇನ್ನೂ ಸುತ್ತಿಕೊಂಡೇ ಇತ್ತು. ಏಣಿಯ ಮೇಲೆಯೇ ನಿಂತು ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಕೆಳಗೆ ಮೊಬೈಲಿನಲ್ಲಿ ಸರ್ ಒಂದು ಮಾತೂ ಆಡದೆ ಕಾದಿದ್ದರು.

ಆಮೇಲೆ ಅವರು ಹೇಳಿದಂತೆ ಬಾಬಿನ್ನನ್ನು ನೆಲದ ಮೇಲೆ ಇಟ್ಟು, ನೂಲಿನ ತುದಿ ದಿಂಡಿನ ಕೆಳಗಿನಿಂದ ನನ್ನ ಕಡೆಗೆ ಬರುವಂತೆ ಮಾಡಿಕೊಂಡೆ. "ಎಳದರ ಯಾವ ಕಡೆ ಉರುಳತೈತಿ? ಮೊದಲ ಹೇಳು, ಆಮ್ಯಾಲ ಎಳಿ." ನೂಲು ಬಿಚ್ಚಿಕೊಂಡು ಬಾಬಿನ್ ಆಚೆಗೆ ಹೋಗುತ್ತದೆ ಎಂದೆ. ನೆಲಕ್ಕೆ ಸಮನಾಗಿ ಮೆಲ್ಲಗೆ ಎಳೆದರೆ ಅದು ನೂಲನ್ನು ಸುತ್ತಿಕೊಳ್ಳುತ್ತ ನನ್ನ ಕಡೆಗೇ ಬಂತು. ನೂಲನ್ನು ಮೇಲಕ್ಕೆತ್ತಿ ಎಳೆದಾಗ ಆಚೆಗೆ ಉರುಳಿತು. ನುಣುಪಾದ ಕಡಪಾ ಕಲ್ಲಿನ ಮೇಲೆ ಜಾರುತ್ತಿತ್ತೆಂದು ಕಂಬಳಿ ಹಾಸಿಕೊಂಡು, ಕೋನವನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತ ಹೋದಂತೆ, ಒಂದು ಕಡೆ ಬಾಬಿನ್ ಅತ್ತಲೂ ಹೋಗದೆ ಇತ್ತಲೂ ಬಾರದೆ ನಿಂತುಬಿಟ್ಟಿತು. ಮಗಳ ಕಂಪಾಸ್ ಪೆಟ್ಟಿಗೆಯಿಂದ ಕೋನಮಾಪಕ ತಂದು ಅಳೆದರೆ ಹೆಚ್ಚುಕಡಿಮೆ 60 ಡಿಗ್ರಿ. ದಿಂಡಿನ ತ್ರಿಜ್ಯ 2 ಸೆಂ.ಮೀ., ತಟ್ಟೆಯದು 4 ಸೆಂ.ಮೀ. ಇತ್ತು. ಆ ಕೋನದಲ್ಲಿ ನೂಲಿನ ಗೆರೆಯನ್ನು ಕೆಳಕ್ಕೆ ಮುಂದುವರಿಸಿದರೆ ಅದು ಬಾಬಿನ್ ನೆಲವನ್ನು ಮುಟ್ಟುವ ಬಿಂದುವಿಗೇ ಬಂದು ಸೇರುತ್ತದೆ, ಆದ್ದರಿಂದ ಆ ಬಿಂದುವಿನ ಸುತ್ತ ನೂಲಿನ ಟಾರ್ಕ್, ಅಂದರೆ ತಿರುಗಿಸುವ ಪರಿಣಾಮ, ಸೊನ್ನೆ, ಮತ್ತು ಕೋನದ ಕೊಸೈನ್ ಎಂದರೆ ಎರಡು ತ್ರಿಜ್ಯಗಳ ಅನುಪಾತ, ಅಂದರೆ ಅರ್ಧ. ಇದನ್ನು ಸರ್ ಹೇಳಲಿಲ್ಲ, ಕಂಬಳಿಯ ಮೇಲೆ ಮಂಡಿಯೂರಿ ಕೂತಿದ್ದ ನಾನೇ ಹೇಳಿದೆ.

ನಾಲ್ಕು ಸಲವೂ ನಾನು ಚಕ್ರದ ಕೇಂದ್ರದ ಸುತ್ತಲೇ ಟಾರ್ಕ್ ಲೆಕ್ಕ ಹಾಕುತ್ತಿದ್ದೆ, ಘರ್ಷಣೆ ಎಷ್ಟು, ಯಾವ ದಿಕ್ಕಿಗೆ ಎಂದು ಗೊತ್ತಿಲ್ಲದೆ ಮುಳುಗುತ್ತಿದ್ದೆ. ಗೊತ್ತಿಲ್ಲದ ಬಲ ಯಾವ ಬಿಂದುವಿನಲ್ಲಿ ಹಾಯುತ್ತದೋ ಆ ಬಿಂದುವಿನಲ್ಲೇ ನಿಂತು ನೋಡಿದರೆ ಅದು ಲೆಕ್ಕದಿಂದ ತಾನಾಗಿಯೇ ಹೊರಗೆ ಹೋಗುತ್ತದೆ. ಆ ರಾತ್ರಿ ಇನ್ನೂ ಆರು ಲೆಕ್ಕ ಮಾಡಿಸಿದರು. ಕರೆ ಮುಗಿದಾಗ ಮೂರೂವರೆ ಆಗಿತ್ತು, ಅವರ ಮನೆಯ ಕಡೆಯಿಂದ ಕೋಳಿ ಕೂಗಿದ್ದು ಕೇಳಿಸಿತು. ನಾಳೆಯಿಂದ ಓದುತ್ತೀಯೋ ಇಲ್ಲವೋ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನೇಕಾರರ ಮನೆಯವಳೆಂದು ಸಹಜವಾಗಿ ಬಾಬಿನ್ ಕೇಳಿದರೋ, ಅಟ್ಟದ ಬುಟ್ಟಿ ನನ್ನಿಂದ ಕೆಳಗಿಳಿಯಬೇಕೆಂದು ಕೇಳಿದರೋ, ಇಂದಿಗೂ ವಿಚಾರಿಸಿಲ್ಲ.

ಅಂಗಡಿಯಿಂದ ಜನವರಿಯಲ್ಲಿ ಸಂಜೆ ಐದಕ್ಕೇ ಬಿಟ್ಟ ಮಾಲೀಕರು, ಮಗಳಿಗೆ ಎಷ್ಟೋ ರಾತ್ರಿ ಊಟ ಹಾಕಿ ಮಲಗಿಸಿದ ಪಕ್ಕದ ಮನೆಯ ಕಾಕೂ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಮುದ್ರಿಸಿ ತಂದುಕೊಟ್ಟ ತಂಗಿ, ಬೆಳಗಿನ ಚಹಾದ ಜೊತೆ ಒಂದೂ ಪ್ರಶ್ನೆ ಕೇಳದ ನಮ್ಮ ಮನೆಯವರು, ರಾತ್ರಿ ದೀಪ ಆರಿಸು ಎಂದು ಒಮ್ಮೆಯೂ ಗದರದ ಅವ್ವ, ಇವರೆಲ್ಲರಿಗೂ ನನ್ನ ನಮಸ್ಕಾರಗಳು.

ಸರ್, ಆ ರಾತ್ರಿ ಕರೆ ಇಡುವ ಮುಂಚೆ ನೀವು ಕೊಟ್ಟಿದ್ದ ಏಳನೆಯ ಲೆಕ್ಕವನ್ನು ಪರೀಕ್ಷೆಯ ಗಡಿಬಿಡಿಯಲ್ಲಿ ಉಳಿಸಿಕೊಂಡಿದ್ದೆ. ನಿನ್ನೆ ಸಂಜೆ ಓಣಿಯಲ್ಲಿ ಮಗಳು ಸೈಕಲ್ಲಿನ ಸೀಟನ್ನು ಬೀಳದಷ್ಟು ಹಗುರವಾಗಿ ಹಿಡಿದುಕೊಂಡಳು, ನಾನು ಕೆಳಗಿದ್ದ ಪೆಡಲಿಗೆ ಹಗ್ಗ ಕಟ್ಟಿ ಹಿಂದಕ್ಕೆ ಎಳೆದೆ. ಪೆಡಲ್ ತುಳಿದಂತಾಗಿ ಸೈಕಲ್ ಮುಂದಕ್ಕೆ ಹೋಗುತ್ತದೆಂದು ಓಣಿಯವರೆಲ್ಲ ಹೇಳಿದರು. ಅದು ಹಿಂದಕ್ಕೇ ಬಂತು, ಸರ್. ಕಾರಣವನ್ನು ಎರಡು ಪುಟದಲ್ಲಿ ಬರೆದು ಫೋಟೊ ಕಳಿಸಿದ್ದೇನೆ. ತಪ್ಪಿದ್ದರೆ ಯಾವ ಸಾಲಿನಲ್ಲಿದೆ ಎಂದಷ್ಟೇ ಹೇಳಿರಿ.